ಡ್ಯೂಟಿ ಫ್ರೀ ಬುಟ್ಟಿ ಹಿಡಿದು ನಿಂತವರಿಗೆ ಊರಿನಿಂದ ಒಂದು ಬಹಿರಂಗ ಪತ್ರ

ಬಹ್ರೈನ್‌ನ ಮುಹರಕ್ ವಿಮಾನ ನಿಲ್ದಾಣದಲ್ಲಿ ಮಂಗಳೂರಿನ ವಿಮಾನಕ್ಕೆ ಕಾಯುತ್ತಿರುವ ಪುತ್ತೂರು, ಸುಳ್ಯ, ಕಡಬ ತಾಲೂಕಿನ ಬಂಧುಗಳೇ,



ರಜೆ ಸಿಕ್ಕಿ ಊರಿಗೆ ಹೊರಟಿದ್ದೀರಿ. ಲಗೇಜು ಕೊಟ್ಟಾಯಿತು, ಬೋರ್ಡಿಂಗ್ ಪಾಸು ಕೈಗೆ ಬಂತು, ವಿಮಾನ ಹೊರಡಲು ಇನ್ನೂ ಹೊತ್ತುಂಟು. ಕೂತು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. ಆದರೆ ರೂಮಿನಲ್ಲಿ ಕಟ್ಟಿದ ಕಾರ್ಟನ್‌ನಲ್ಲಿ ದೊಡ್ಡಮ್ಮನ ಮನೆಗೆ ಏನೂ ಹಾಕಿಲ್ಲ ಎಂಬುದು ಈಗ ನೆನಪಾಗುತ್ತದೆ. ಭಾವನ ಅಣ್ಣನ ಮಕ್ಕಳು ಎಷ್ಟು ಜನ ಎಂದು ಬೆರಳು ಮಡಚಿ ಎಣಿಸುತ್ತೀರಿ. ಮನೆ ಕಟ್ಟುವಾಗ ಮೇಸ್ತ್ರಿಯನ್ನು ಗೊತ್ತುಮಾಡಿ ಕೊಟ್ಟವರು, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ರಿಕ್ಷಾದವರು, ಎಲ್ಲರೂ ಸಾಲಾಗಿ ಕಣ್ಣೆದುರು ಬರುತ್ತಾರೆ. ಎದ್ದು ಆ ಬೆಳಕಿನ ಅಂಗಡಿಯೊಳಗೆ ಹೋಗಿ ಬುಟ್ಟಿ ಎತ್ತಿಕೊಳ್ಳುತ್ತೀರಿ.

ಆ ಬುಟ್ಟಿಯನ್ನು ಕೆಳಗಿಡಿ ಎಂದು ಕೇಳಿಕೊಳ್ಳಲು ಈ ಪತ್ರ. ನಾನು ಪುತ್ತೂರು ಕಡೆಯ ಅಡಿಕೆ ಕೃಷಿಕ. ನಮ್ಮ ಕುಟುಂಬದಲ್ಲೂ ಗಲ್ಫಿಗೆ ಹೋದವರಿದ್ದಾರೆ, ಅಕ್ಕಪಕ್ಕದ ಮನೆಗಳಲ್ಲೂ ಇದ್ದಾರೆ. ನೀವು ತರುವುದನ್ನು ತೆಗೆದುಕೊಳ್ಳುವವರು ನಾವು. ಆದ್ದರಿಂದ ಬೇಡ ಎಂದು ಹೇಳಬೇಕಾದವರೂ ನಾವೇ. ನಿಮ್ಮೊಬ್ಬರಿಗೇ ಬರೆದರೆ ಸಾಲದು, ಊರಿನವರೂ ಓದಬೇಕು ಎಂದೇ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಮೊದಲು ಆ ಅಂಗಡಿಯ ಲೆಕ್ಕಾಚಾರ ನೋಡೋಣ.

ಡ್ಯೂಟಿ ಫ್ರೀ ಅಂಗಡಿ ಹುಟ್ಟಿದ್ದೂ ಬಹ್ರೈನ್‌ನಂಥ ದ್ವೀಪವೊಂದರಲ್ಲಿ. ಅಟ್ಲಾಂಟಿಕ್ ಸಾಗರ ದಾಟುವ ವಿಮಾನಗಳು ಇಂಧನ ತುಂಬಿಸಲು ಐರ್ಲೆಂಡಿನ ಶ್ಯಾನನ್ ಎಂಬಲ್ಲಿ ಇಳಿಯುತ್ತಿದ್ದವು. ಇಳಿದ ಪ್ರಯಾಣಿಕರು ದೇಶದೊಳಗೆ ಹೋಗದೆ ಮತ್ತೆ ವಿಮಾನ ಹತ್ತುತ್ತಾರೆ, ಅವರಿಂದ ಈ ದೇಶದ ತೆರಿಗೆ ಯಾಕೆ ವಸೂಲಿ ಮಾಡಬೇಕು ಎಂಬ ತರ್ಕದ ಮೇಲೆ 1947ರಲ್ಲಿ ಬ್ರೆಂಡನ್ ಓರೀಗನ್ ಎಂಬವರು ಅಲ್ಲಿ ಇಂಥ ಮೊದಲ ಅಂಗಡಿ ತೆರೆದರು. 1983ರಲ್ಲಿ ದುಬೈ ಡ್ಯೂಟಿ ಫ್ರೀ ಶುರುವಾದಾಗ ಅದನ್ನು ಕಟ್ಟಿಕೊಟ್ಟವರೂ ಐರ್ಲೆಂಡಿನ ಸಂಸ್ಥೆಯೊಂದರಿಂದ ಬಂದ ತಂಡದವರು. ನೀವು ನಿಂತಿರುವ ಬಹ್ರೈನ್‌ನ ಅಂಗಡಿಗೂ ಆ ಐರಿಷ್ ಸಂಸ್ಥೆಯ ನಂಟುಂಟು. ಮುಹರಕ್ ಮಾತ್ರ ಶ್ಯಾನನ್‌ನ ಆ ಮೊದಲ ಅಂಗಡಿಗಿಂತಲೂ ಹಳೆಯ ನಿಲ್ದಾಣ. 1932ರಲ್ಲಿ, ಬಹ್ರೈನ್‌ನ ಮಣ್ಣಿನಲ್ಲಿ ಎಣ್ಣೆ ಸಿಕ್ಕಿದ ವರ್ಷವೇ, ಇಂಪೀರಿಯಲ್ ಏರ್‌ವೇಸ್ ವಿಮಾನ ಅಲ್ಲಿ ಇಳಿಯತೊಡಗಿತು. ಈಗಿನ ಹೊಸ ಟರ್ಮಿನಲ್ ತೆರೆದದ್ದು 2021ರ ಜನವರಿಯಲ್ಲಿ.

ತೆರಿಗೆ ಇಲ್ಲ ಎಂದರೆ ಅಗ್ಗ ಎಂದು ನಾವೆಲ್ಲ ನಂಬಿದ್ದೇವೆ. ತೆರಿಗೆ ಜಾಸ್ತಿ ಇರುವ ವಸ್ತುವಿಗೆ ಈ ಮಾತು ಸರಿ. ಬಹ್ರೈನ್‌ನಲ್ಲಿ 2017ರ ಕೊನೆಯಿಂದ ಸಿಗರೇಟಿನ ಮೇಲೆ ನೂರಕ್ಕೆ ನೂರು ಅಬಕಾರಿ ಸುಂಕ ಇದೆ. ಮದ್ಯದ ಮೇಲಿನ ಸುಂಕ ಅದಕ್ಕೂ ಹೆಚ್ಚು. ಇವೆರಡನ್ನು ಕೊಳ್ಳುವವರಿಗೆ ಉಳಿತಾಯ ಆಗುವುದು ಹೌದು. ಆದರೆ ನಮ್ಮವರ ಬುಟ್ಟಿಯಲ್ಲಿ ತುಂಬುವುದು ಚಾಕೊಲೇಟ್, ಬಾದಾಮಿ, ಖರ್ಜೂರ, ಹಾಲಿನ ಪುಡಿ, ಹೆಚ್ಚೆಂದರೆ ಒಂದು ಸೆಂಟಿನ ಬಾಟಲಿ. ಚಾಕೊಲೇಟ್‌ನಂಥ ಮಾಲಿಗೆ ಗಲ್ಫ್ ದೇಶಗಳ ಸಾಮಾನ್ಯ ಆಮದು ಸುಂಕ ಶೇ. 5. ಅದರ ಮೇಲೆ ಬಹ್ರೈನ್‌ನ ವ್ಯಾಟ್, 2019ರಲ್ಲಿ ಶೇ. 5 ಇದ್ದದ್ದು 2022ರಿಂದ ಶೇ. 10. ಎಲ್ಲ ಸೇರಿಸಿದರೂ ಬಿಟ್ಟುಕೊಡುವ ತೆರಿಗೆ ಶೇ. 15ರ ಆಸುಪಾಸು. ವಿಮಾನ ನಿಲ್ದಾಣದ ಅಂಗಡಿಯ ಬಾಡಿಗೆ, ಮಾರಾಟದಲ್ಲಿ ನಿಲ್ದಾಣಕ್ಕೆ ಹೋಗುವ ಪಾಲು, ಇವೆಲ್ಲ ಅದೇ ಬೆಲೆಯಿಂದ ಹುಟ್ಟಬೇಕು. ಹಾಗಾಗಿ ಅದೇ ಚಾಕೊಲೇಟ್ ಡಬ್ಬಿ ಮನಾಮದ ಸೂಕಿನ ರಖಂ ಅಂಗಡಿಯಲ್ಲೋ ಹೈಪರ್‌ಮಾರ್ಕೆಟ್‌ನ ಆಫರಿನಲ್ಲೋ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ.

ಇನ್ನೊಂದು ಕಷ್ಟ ಆ ಬೆಲೆ ಚೀಟಿಯದ್ದು. ಒಂದು ದಿನಾರ್‌ಗೆ ಸಾವಿರ ಫಿಲ್ಸ್. ಚೀಟಿಯಲ್ಲಿ 4.500 ಎಂದು ಬರೆದಿದ್ದರೆ ಕಣ್ಣಿಗೆ ಅದು ನಾಲ್ಕೂವರೆ ಅಷ್ಟೇ. ಒಂದು ದಿನಾರ್ ಈಗ ಇನ್ನೂರು ರೂಪಾಯಿಗಿಂತ ಎಷ್ಟೋ ಮೇಲೆ. ಅಂದರೆ ಆ ಒಂದು ಪೊಟ್ಟಣಕ್ಕೇ ಸಾವಿರ ರೂಪಾಯಿಯ ಹತ್ತಿರ ಹತ್ತಿರ ಹೋಯಿತು. ಅಂಥವು ಆರು ಪೊಟ್ಟಣ ಬುಟ್ಟಿಗೆ ಬಿದ್ದರೆ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿ ದುಡಿದ ದಿನಗಳು ಅದರೊಳಗೆ ಹೋಗುತ್ತವೆ. ಕಟ್ಟಡದ ಕೆಲಸದಲ್ಲೋ ಕಫ್ತೀರಿಯಾದಲ್ಲೋ ದುಡಿಯುವವರ ಸಂಬಳಕ್ಕೆ ಅದು ಚಿಕ್ಕ ಮೊತ್ತ ಅಲ್ಲ. ರಜೆಯ ಹೊತ್ತಿಗೆ ವಿಮಾನದ ಟಿಕೆಟ್ ದರ ಹೇಗೆ ಏರುತ್ತದೆ ಎಂಬುದು ನಿಮಗೆ ಗೊತ್ತು. ಟಿಕೆಟ್‌ಗೆಂದು ಸಾಲ ಮಾಡಿದ ಮನುಷ್ಯ ಈಗ ಚಾಕೊಲೇಟ್‌ಗೆಂದು ಇನ್ನಷ್ಟು ಸಾಲ ಮಾಡುತ್ತಿದ್ದಾನೆ.

ಊರಿಗೆಲ್ಲ ಉಡುಗೊರೆ ತರುವ ಈ ಪದ್ಧತಿ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೊಂದು ಕಾಲ ಇತ್ತು. 1973ರ ನಂತರ ಎಣ್ಣೆಯ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ಕೆಲಸ ತೆರೆದಾಗ ನಮ್ಮ ತಾಲೂಕುಗಳಿಂದ ಹೋದ ಮೊದಲ ತಲೆಮಾರಿನವರು ಬೊಂಬಾಯಿಗೆ ಬಸ್ಸಿನಲ್ಲಿ ಹೋಗಿ, ಏಜೆಂಟನ ಚಾಳಿನಲ್ಲಿ ವಾರಗಟ್ಟಲೆ ಕಾದು, ಅಲ್ಲಿಂದ ಹೊರಟವರು. ಬರುವಾಗಲೂ ಅದೇ ದಾರಿ. ಆಗ ನಮ್ಮ ದೇಶದಲ್ಲಿ ಆಮದಿಗೆ ಬಿಗಿ ನಿರ್ಬಂಧ. ಟ್ಯಾಂಗ್ ಪುಡಿ, ನಿಡೋ ಡಬ್ಬಿ, ಕೊಡಲಿ ಗುರುತಿನ ಎಣ್ಣೆ, ಮೂರು ಸೆಲ್ಲಿನ ಟೋರ್ಚು, ಟೇಪ್ ರೆಕಾರ್ಡರ್, ಹುಲಿಯ ಚಿತ್ರದ ದಪ್ಪ ಕಂಬಳಿ, ಇದ್ಯಾವುದೂ ಪುತ್ತೂರು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಕರೆಂಟು ಬಾರದ ಮನೆಗೆ ಒಂದು ಒಳ್ಳೆಯ ಟೋರ್ಚು ಬಂದರೆ ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರಿಗೆ ಅದು ನಿಜವಾದ ಉಪಕಾರ. ಅಂದು ತಂದವರು ಬೇರೆ ದಾರಿಯೇ ಇಲ್ಲದ ವಸ್ತುವನ್ನು ತಂದರು, ಪಡೆದವರಿಗೆ ಅದರ ಬೆಲೆ ತಿಳಿದಿತ್ತು.

1991ರ ನಂತರ ಆ ನಿರ್ಬಂಧಗಳು ಒಂದೊಂದಾಗಿ ಹೋದವು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ನಮ್ಮ ಮಂಗಳೂರಿನ ಬಜಪೆ ನಿಲ್ದಾಣಕ್ಕೆ 2006ರ ಅಕ್ಟೋಬರ್ 3ರಂದು ದುಬೈಯಿಂದ ಮೊದಲ ಅಂತಾರಾಷ್ಟ್ರೀಯ ವಿಮಾನ ಬಂತು. ಬೊಂಬಾಯಿಯ ದಾರಿ ತಪ್ಪಿತು. ಈಗ ಪುತ್ತೂರಿನ ಬೊಳುವಾರಿನಿಂದ ದರ್ಬೆಯವರೆಗೆ ನಡೆದರೆ ಫಾರಿನ್ ಸಾಮಾನಿನ ಅಂಗಡಿಗಳು ಸಾಲಾಗಿ ಸಿಗುತ್ತವೆ. ಸುಳ್ಯದ ಗಾಂಧಿನಗರದಲ್ಲೂ ಸಿಗುತ್ತವೆ, ಕಡಬ ಪೇಟೆಯಲ್ಲೂ ಸಿಗುತ್ತವೆ. ನೀವು ಮುಹರಕ್‌ನಲ್ಲಿ ಕೊಳ್ಳುವ ಡಬ್ಬಿಯನ್ನೇ ಮೊಬೈಲಿನಲ್ಲಿ ಒತ್ತಿ ಮನೆಬಾಗಿಲಿಗೆ ತರಿಸಬಹುದು. ಅಗತ್ಯ ಮುಗಿದಿದೆ, ಉಡುಗೊರೆಯ ಪಟ್ಟಿ ಮಾತ್ರ ಉಳಿದಿದೆ. ವರ್ಷದಿಂದ ವರ್ಷಕ್ಕೆ ಉದ್ದವೂ ಆಗಿದೆ.

ನೀವು ಮನೆಗೆ ಬಂದ ದಿನ ಸಂಜೆ ನಡೆಯುವುದನ್ನು ಊರಿನವನಾಗಿ ಹೇಳುತ್ತೇನೆ. ಚಾವಡಿಯ ನಡುವೆ ಕಾರ್ಟನ್ ಇಟ್ಟು, ಹಗ್ಗ ಕತ್ತರಿಸಿ, ಟೇಪು ಎಳೆಯುತ್ತಾರೆ. ಮಕ್ಕಳು ಸುತ್ತ ಕೂರುತ್ತಾರೆ. ಅಮ್ಮ ಒಂದೊಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪಾಲು ಮಾಡುತ್ತಾರೆ: ಒಂದು ಸಾಬೂನು, ಒಂದು ಮುಷ್ಟಿ ಚಾಕೊಲೇಟ್, ಸ್ವಲ್ಪ ಬಾದಾಮಿ. ಇದು ಅತ್ತೆಯ ಮನೆಗೆ, ಇದು ಕೆಳಗಿನ ಮನೆಗೆ, ಇದು ಮದರಸದ ಉಸ್ತಾದರಿಗೆ, ಇದು ಅಂಗನವಾಡಿ ಟೀಚರಿಗೆ. ಕಳೆದ ಸಲ ಅವರಿಗೆ ಸೆಂಟು ಕೊಟ್ಟಿದ್ದೆವು, ಈ ಸಲ ಬರೀ ಸಾಬೂನಾದರೆ ಏನೆಂದುಕೊಂಡಾರು ಎಂದು ಒಂದು ತೊಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಕಡೆಗೆ ಎರಡು ಮನೆಗೆ ಸಾಲದೆ ಹೋಗುತ್ತದೆ. ಮರುದಿನ ಬೆಳಿಗ್ಗೆ ನೀವು ಪೇಟೆಗೆ ಹೋಗಿ, ಫಾರಿನ್ ಸಾಮಾನಿನ ಅಂಗಡಿಯಿಂದ ಅಂಥದ್ದೇ ತಂದು, ಅಲ್ಲಿಂದ ತಂದದ್ದು ಎಂದು ಹೇಳಿ ಕೊಟ್ಟು ಬರುತ್ತೀರಿ. ಎರಡು ವರ್ಷದ ಮೇಲೆ ಮನೆಗೆ ಬಂದ ಮಗನ ಮೊದಲ ದಿನಗಳು ಹೀಗೆ ಹಂಚಿಕೆಯ ಲೆಕ್ಕದಲ್ಲಿ ಕಳೆದುಹೋಗುವುದು ನನಗೆ ನೋವಿನ ವಿಷಯ.

ಇನ್ನು ಆ ಚಾಕೊಲೇಟ್ ವಿಷಯ. ಇದನ್ನು ಹೇಳದಿದ್ದರೆ ಪುತ್ತೂರಿನವನಾಗಿ ನನಗೆ ಸಮಾಧಾನವಿಲ್ಲ.

ನಿಮ್ಮ ಮನೆಯ ಹಿಂದಿನ ಅಡಿಕೆ ತೋಟದಲ್ಲಿ, ಅಡಿಕೆ ಮರಗಳ ನೆರಳಿನಲ್ಲಿ, ಕೊಕ್ಕೋ ಗಿಡಗಳಿವೆ. ಕೊಂಬೆಗಳಷ್ಟೇ ಅಲ್ಲ, ಕಾಂಡದ ಮೈಗೇ ಅಂಟಿಕೊಂಡು ಕಾಯಿ ಬಿಡುವ ಗಿಡ ಅದು. ಹಸಿರು ಕಾಯಿ ಹಳದಿಗೆ ತಿರುಗಿದಾಗ ಕೊಯ್ದು, ಕಲ್ಲಿಗೋ ಮರದ ದಿಮ್ಮಿಗೋ ಬಡಿದರೆ ದಪ್ಪ ಸಿಪ್ಪೆ ಬಿರಿಯುತ್ತದೆ. ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳ ಗೊಂಚಲು. ಆ ಲೋಳೆ ಹುಳಿ ಬೆರೆತ ಸಿಹಿ, ಸಣ್ಣವರಿದ್ದಾಗ ನೀವೆಲ್ಲ ಚೀಪಿದ್ದೀರಿ. ಅಳಿಲು, ಮಂಗಗಳಿಗೂ ಅದರ ರುಚಿ ಗೊತ್ತು. ಮಳೆಗಾಲದಲ್ಲಿ ಕೊಳೆ ಬಂದು ಕಾಯಿ ಕಪ್ಪಾಗುತ್ತದೆ. ಅದನ್ನೆಲ್ಲ ದಾಟಿ ಉಳಿದ ಹಸಿ ಬೀಜವನ್ನು ಬಕೆಟಿನಲ್ಲೋ ಗೋಣಿಯಲ್ಲೋ ತುಂಬಿ ನಮ್ಮ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋದ ಖರೀದಿ ಕೇಂದ್ರಕ್ಕೆ ಒಯ್ಯುತ್ತೇವೆ. ಅಲ್ಲಿಂದ ಮುಂದೆ ಅದನ್ನು ರಾಶಿ ಹಾಕಿ ದಿನಗಟ್ಟಲೆ ಹುದುಗಿಸಿ, ಒಣಗಿಸಿ, ಹುರಿದು, ಸಿಪ್ಪೆ ತೆಗೆದು ಅರೆಯುತ್ತಾರೆ. ಚಾಕೊಲೇಟ್‌ನ ಪರಿಮಳಕ್ಕೆ ಮೂಲ ಆ ಹುದುಗು. ಅದು ಸರಿಯಾಗದಿದ್ದರೆ ಎಷ್ಟು ಸಕ್ಕರೆ ಹಾಕಿದರೂ ರುಚಿ ಬಾರದು.

ಈ ಕೊಕ್ಕೋ ನಮ್ಮಲ್ಲಿ ಉಳಿದದ್ದು ಸುಲಭವಾಗಿ ಅಲ್ಲ. 1970ರ ದಶಕದಲ್ಲಿ ಅಡಿಕೆ ತೋಟಗಳಿಗೆ ಉಪಬೆಳೆಯಾಗಿ ಬಂತು, ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಇದರ ತಳಿಗಳ ಮೇಲೆ ಕೆಲಸ ನಡೆಯಿತು. ದಶಕದ ಕೊನೆಗೆ ಬೆಲೆ ನೆಲಕಚ್ಚಿತು, ಕೊಳ್ಳುತ್ತಿದ್ದವರು ಹಿಂದೆ ಸರಿದರು, ಬೆಳೆದವರು ಗಿಡ ಕಡಿಯತೊಡಗಿದರು. ಆಗ ಕೈಹಿಡಿದದ್ದು ಕ್ಯಾಂಪ್ಕೋ. ಅಡಿಕೆ ಬೆಳೆಗಾರರ ರಕ್ಷಣೆಗೆಂದು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಹುಟ್ಟಿದ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆ ಅದು. ಕೊಕ್ಕೋ ಖರೀದಿಗೂ ಇಳಿದು, ಕೊಂಡದ್ದನ್ನು ತಾನೇ ಚಾಕೊಲೇಟ್ ಮಾಡಲು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರಲ್ಲಿ ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಜೈಲ್ ಸಿಂಗ್. ನಮ್ಮಂಥ ಸಣ್ಣ ಕೃಷಿಕರ ಪಾಲು ಹಣದಿಂದ ಎದ್ದ ಚಾಕೊಲೇಟ್ ಕಾರ್ಖಾನೆ ನಮ್ಮ ತಾಲೂಕು ಕೇಂದ್ರದಲ್ಲಿ ಇದೆ ಎಂಬುದು ಎಷ್ಟು ದೊಡ್ಡ ಸಂಗತಿ! ಕ್ಯಾಂಪ್ಕೋ ಬಾರ್, ಮೆಲ್ಟೋ, ಟರ್ಬೋ ನಿಮ್ಮ ಶಾಲೆಯ ದಿನಗಳಲ್ಲಿ ಬಾಯಿಗೆ ಬಂದ ಮೊದಲ ಚಾಕೊಲೇಟ್ ಆಗಿರಬಹುದು.

ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೋ ಬೆಳೆಯುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾದಲ್ಲಿ. 2024ರಲ್ಲಿ ಅಲ್ಲಿ ಬೆಳೆ ಕೈಕೊಟ್ಟಾಗ ಜಾಗತಿಕ ಬೆಲೆ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು, ನಮ್ಮಲ್ಲೂ ಹಸಿ ಬೀಜದ ಧಾರಣೆ ಕಂಡುಕೇಳದಷ್ಟು ಏರಿತು. ಅದುವರೆಗೆ ಗಿಡದ ಕಡೆ ತಿರುಗಿಯೂ ನೋಡದವರು ಕಾಯಿ ಕಾಯಲು ಶುರುಮಾಡಿದರು. ಆ ಮೇಲೆ ಬೆಲೆ ಇಳಿಯಿತು, ಮತ್ತೆ ಉದಾಸೀನ ಬಂತು. ಬೆಳೆಗಾರನಿಗೆ ಬೇಕಾದದ್ದು ಊರಿನಲ್ಲೇ ಕೊಳ್ಳುವ, ಊರಿನಲ್ಲೇ ತಿನ್ನುವ ಜನ. ಆಫ್ರಿಕದ ಬೀಜ ಯುರೋಪಿನಲ್ಲಿ ಚಾಕೊಲೇಟ್ ಆಗಿ, ಅರಬ್ ದ್ವೀಪದ ಅಂಗಡಿಯಲ್ಲಿ ನಿಮ್ಮ ಬುಟ್ಟಿಗೆ ಬಿದ್ದು, ಹಿತ್ತಿಲಲ್ಲಿ ಕೊಕ್ಕೋ ಗಿಡ ಇರುವ ಮನೆಗೆ ಬರುತ್ತದೆ. ಆ ಮನೆಯ ಮಗು ಗಿಡವನ್ನು ಕಂಡಿದೆ, ಹೊಳೆಯುವ ಕಾಗದದ ಒಳಗಿರುವುದೂ ಅದೇ ಗಿಡದ ಬೀಜ ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ನಾವು ಹೇಳಿಕೊಡಬೇಕು.

ಇನ್ನೊಂದು ಮಾತು, ಗಂಭೀರವಾದದ್ದು. ಉಡುಗೊರೆಗೆ ಹಣ ಸಾಲದಾದಾಗ, ಟಿಕೆಟ್‌ಗೆ ಹಣ ಹೊಂದದಾದಾಗ ಕೆಲವು ಹುಡುಗರ ಬಳಿ ಯಾರೋ ಬಂದು ಮಾತಾಡುತ್ತಾರೆ. ಟಿಕೆಟ್ ನಾವು ಕೊಡುತ್ತೇವೆ, ಈ ಪೊಟ್ಟಣವನ್ನು ಮಂಗಳೂರಿಗೆ ಮುಟ್ಟಿಸಿದರೆ ಸಾಕು ಎನ್ನುತ್ತಾರೆ. ಬಜಪೆಯಲ್ಲಿ ಕಸ್ಟಮ್ಸ್‌ನವರು ಬಂಗಾರ ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಸಿಕ್ಕಿಬೀಳುವುದು ಹೊತ್ತು ತಂದ ಹುಡುಗ, ಕಳಿಸಿದವನಲ್ಲ. ಊರಿನವರ ಆಸೆ ಪೂರೈಸಲು ಹೋಗಿ ಪಾಸ್‌ಪೋರ್ಟ್ ಕಳೆದುಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು. ಪರಿಚಯ ಇಲ್ಲದವರ ಪೊಟ್ಟಣ ಮುಟ್ಟಬೇಡಿ. ಬ್ಯಾಗೇಜ್ ನಿಯಮದ ಮಿತಿ ಎಷ್ಟೆಂದು ಹೊರಡುವ ಮೊದಲೇ ನೋಡಿಕೊಳ್ಳಿ. 2016ರ ನಿಯಮದಲ್ಲಿ ಸಾಮಾನ್ಯ ಮಿತಿ 50,000 ರೂಪಾಯಿ, ಮದ್ಯ ಎರಡು ಲೀಟರ್, ಸಿಗರೇಟು ನೂರು ಎಂದಿತ್ತು. ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ, ವರ್ಷಗಳ ಹಿಂದೆ ಗೆಳೆಯ ಹೇಳಿದ್ದನ್ನು ನಂಬಬೇಡಿ.

ಉಡುಗೊರೆಗೆ ಹೋಗುವ ಹಣದಿಂದ ಬೇರೇನು ಮಾಡಬಹುದು ಎಂದು ಕೇಳುತ್ತೀರಾ? ಹತ್ತನೇ ತರಗತಿ ಪಾಸಾಗದೆ, ವಲಸೆ ಅನುಮತಿ ಬೇಕಾಗುವ ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಹೋದವರಿಗೆ ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತ ಅಂಗವೈಕಲ್ಯ ಬಂದರೆ 10 ಲಕ್ಷ ರೂಪಾಯಿಯ ರಕ್ಷಣೆ. ಹೋಗುವಾಗ ಮಾಡಿಸಿದ್ದು ಅವಧಿ ಮುಗಿದ ಮೇಲೆ ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಒಂದು ಚಾಕೊಲೇಟ್ ಪೊಟ್ಟಣದ ಹಣಕ್ಕಿಂತ ಕಡಿಮೆಗೆ ಅದು ಮತ್ತೆ ಚಾಲ್ತಿಗೆ ಬರುತ್ತದೆ. ತೋಟಕ್ಕೂ ಆ ಹಣ ಬೇಕು ಎಂದು ಸುಳ್ಯದ ಸಂಪಾಜೆ, ಅರಂತೋಡು ಕಡೆಯವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಅಡಿಕೆಯ ಹಳದಿ ರೋಗ ತೋಟಗಳನ್ನು ತಿಂದು ಹಾಕಿದ ಮೇಲೆ ಎಷ್ಟೋ ಮನೆಗಳ ಮಕ್ಕಳು ಹೊರಗೆ ದುಡಿಯಬೇಕಾಯಿತು. ಆ ಜಾಗದಲ್ಲಿ ಬೇರೆ ಬೆಳೆ ಎಬ್ಬಿಸಲು ಒಂದೊಂದು ಸಾವಿರವೂ ಬೇಕು. ನೀವು ದುಡಿಯಲು ಹೋದದ್ದು ಆ ತೋಟಕ್ಕಾಗಿ, ತಂಗಿಯ ಓದಿಗಾಗಿ, ಸೋರುವ ಮಾಡಿಗಾಗಿ.

ಈಗ ಊರಿನಲ್ಲಿರುವ ನಮ್ಮವರಿಗೆ ನಾಲ್ಕು ಮಾತು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜಪೆ ನಿಲ್ದಾಣದ, ಕೆಂಜಾರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ಅವರನ್ನು ಕರೆದುಕೊಂಡು ಹೋಗಲು ಬಂದು ಹೊರಗೆ ನಿಂತಿದ್ದ ಯಾರಿಗೂ ಅಂದು ಯಾವ ಪೆಟ್ಟಿಗೆಯ ಚಿಂತೆಯೂ ಇರಲಿಲ್ಲ, ಮನುಷ್ಯ ಬಂದರೆ ಸಾಕಿತ್ತು. ಈ ಜಿಲ್ಲೆಯಲ್ಲಿ ಹುಟ್ಟಿದ ನಾವು ಅದನ್ನು ಮರೆಯಬಾರದು. ಬರುವವರು ಸುಖವಾಗಿ ಬರಲಿ ಎಂಬುದಷ್ಟೇ ನಮ್ಮ ಆಸೆ ಆಗಿರಲಿ.

ಆದ್ದರಿಂದ ಇಷ್ಟು ಮಾಡೋಣ. ಟಿಕೆಟ್ ಆಯಿತು ಎಂದು ಫೋನು ಬಂದ ದಿನವೇ ಏನೂ ತರಬೇಡ ಮಗಾ ಎಂದು ಬಾಯಿಬಿಟ್ಟು ಹೇಳೋಣ. ಮನಸ್ಸಿನಲ್ಲಿ ಇದ್ದರೆ ಸಾಲದು, ಹೇಳಬೇಕು. ಬಂದವರನ್ನು ನೋಡಲು ಹೋಗುವಾಗ ನಾವೇ ಏನಾದರೂ ತೆಗೆದುಕೊಂಡು ಹೋಗೋಣ: ತೋಟದ ಬಾಳೆಗೊನೆಯೋ, ಹಲಸಿನ ಹಣ್ಣೋ. ಎರಡು ವರ್ಷ ಕುಬ್ಬೂಸ್ ತಿಂದವರಿಗೆ ನೀರುದೋಸೆ ಹಾಕಿ ಕೊಡೋಣ. ಅವರು ಬರಿಗೈಯಲ್ಲಿ ನಮ್ಮ ಮನೆಗೆ ಬಂದರೆ ಸಂತೋಷವಾಗಿ ಕೂರಿಸೋಣ. ಜಮಾಅತಿನಲ್ಲಿ, ಭಜನಾ ಮಂದಿರದಲ್ಲಿ, ಇಗರ್ಜಿಯಲ್ಲಿ, ಹಾಲಿನ ಸೊಸೈಟಿಯಲ್ಲಿ ನಾಲ್ಕು ಜನ ಸೇರಿದಾಗ ಹಿರಿಯರು ಈ ಮಾತು ಎತ್ತಲಿ. ಒಬ್ಬರ ಮನೆಯವರು ಬೇಡ ಎಂದರೆ ಪಕ್ಕದ ಮನೆಯವರಿಗೂ ಬೇಡ ಎನ್ನಲು ಧೈರ್ಯ ಬರುತ್ತದೆ. ಬೇಡಿಕೆ ಮನೆಯಿಂದ ಮನೆಗೆ ಹಬ್ಬಿದ ಹಾಗೆ ಇದೂ ಹಬ್ಬಬಹುದು.

ಬಂಧುಗಳೇ, ಕೊಡುವ ಸಂತೋಷವನ್ನು ನಿಮ್ಮಿಂದ ಕಿತ್ತುಕೊಳ್ಳುವುದು ನನ್ನ ಉದ್ದೇಶ ಅಲ್ಲ. ಅಮ್ಮನಿಗೆ ಒಂದು ಸೀರೆ, ಹೆಂಡತಿಗೆ ಇಷ್ಟದ ಸೆಂಟು, ಮಗಳು ಕೇಳಿದ ಬಣ್ಣದ ಪೆಟ್ಟಿಗೆ, ಇವನ್ನು ಧಾರಾಳ ತನ್ನಿ. ಅವು ಆ ದ್ವೀಪದಲ್ಲಿ ಕೂತು ಅವರನ್ನೇ ನೆನೆದು ಕೊಂಡವು. ನಲವತ್ತು ಮನೆಗೆ ಲೆಕ್ಕ ಹಾಕಿ ಕೊಳ್ಳುವ ಹೊರೆ ಮಾತ್ರ ಬೇಡ.

ಹಿಂದೆ ಹೋಗುವಾಗ ಇಲ್ಲಿಂದ ಪೆಟ್ಟಿಗೆ ತುಂಬಿಸಿಕೊಂಡು ಹೋಗಿ. ಕೆಮ್ಮಿಂಜೆಯ ಚಾಕೊಲೇಟ್, ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದ ಮಾಧುರಿ ಜೇನು, ನಮ್ಮ ಗುಡ್ಡದ ಗೋಡಂಬಿ, ಹಲಸಿನ ಹಪ್ಪಳ, ಕಡಬ ಕಡೆಯ ಕಾಳುಮೆಣಸು. ರೂಮಿನಲ್ಲಿರುವ ನೇಪಾಳದವನಿಗೆ, ಬಾಂಗ್ಲಾದವನಿಗೆ, ಕೆಲಸದ ಜಾಗದ ಫಿಲಿಪ್ಪೀನಿನವರಿಗೆ ಕೊಡಿ. ಬಹ್ರೈನ್‌ನ ಕನ್ನಡ ಸಂಘದಲ್ಲಿ ಯಕ್ಷಗಾನ ನೋಡಲು ಬರುವವರಿಗೂ ಹಂಚಿ. ಇದು ನಮ್ಮ ತೋಟದಲ್ಲಿ ಬೆಳೆದದ್ದು, ನಮ್ಮ ಊರಿನ ಕಾರ್ಖಾನೆಯಲ್ಲಿ ಮಾಡಿದ್ದು ಎಂದು ಹೇಳಿ ಕೊಡಿ. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ಬಂದದ್ದೇ ದೊಡ್ಡದು ಎಂದುಕೊಂಡಿದ್ದೇವೆ, ಇಲ್ಲಿಂದ ಅಲ್ಲಿಗೆ ಹೋಗುವುದಕ್ಕೂ ಅಷ್ಟೇ ಮರ್ಯಾದೆ ಉಂಟು.

ಯಾರಾದರೂ ನಿಮ್ಮನ್ನು ಏನು ತಂದಿ ಎಂದು ಕೇಳಿದರೆ ಈ ಪತ್ರ ತೋರಿಸಿ. ಉತ್ತರ ಹೇಳುವ ಜವಾಬ್ದಾರಿ ಊರಿನವರಾದ ನಮ್ಮ ಮೇಲಿರಲಿ.

ಇತಿ,
ನಿಮ್ಮ ಬರವಿಗೆ ಕಾಯುವ,
ಪುತ್ತೂರು ಕಡೆಯ ಒಬ್ಬ ಕೃಷಿಕ